ಸೆರಗು ಎಂಬ ಬಿಡಿಭಾಗ

ಯಾರ ಮನೆಗೆ ಹೋದರೂ ಗಿರಿಜಕ್ಕ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕಿಟಕಿಯ ಅಂಚಿನ ಮೇಲೆ ಬೆರಳೆಳೆದು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡುವುದು. ಸಂಡೂರಿನ ನಮ್ಮ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದಾಗಲೂ ಹಾಗೇ ಮಾಡಿದಳು. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಎಳೆದು, "ನಿಮ್ಮ ಮೇಡಮ್ಮು ಊಟಕ್ಕ ಬಂದಾಳೋ, ನಮ್ಮನಿ ಕಸ ನೋಡಾಕ ಬಂದಾಳೋ?" ಎಂದು ಕಣ್ಣು ಕೆಂಪು ಮಾಡಿದಳು. ಗಿರಿಜಕ್ಕ ನೋಡುತ್ತಿದ್ದುದು ಯಾರ ಕಸವನ್ನೂ ಅಲ್ಲ, ಗಣಿಯ ಧೂಳು ಎಲ್ಲಿಯವರೆಗೆ ಬಂದಿದೆ ಎಂಬುದನ್ನು. ಚಿಕ್ಕಮ್ಮನಿಗೆ ಅದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ನಾವಿಬ್ಬರೂ ವಡ್ಡು ಎಂಬ ಊರಿನ ಹತ್ತಿರದ ಒಂದು ಅದಿರಿನ ಲ್ಯಾಬಿಗೆ ಒಟ್ಟಿಗೆ ಸೇರಿದವರು. ಲ್ಯಾಬ್ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ ಎಂದುಕೊಂಡು ಬಿಎಸ್ಸಿ ಮುಗಿಸಿ ಬಂದಿದ್ದೆವು. ಸಿಕ್ಕಿದ್ದು ಹಿಂದಿನ ಕೋಣೆ. ಲಾರಿಗಳಿಂದ ತೆಗೆದ ಅದಿರನ್ನು ಅಲ್ಲಿ ಕುಟ್ಟಿ, ಹಿಟ್ಟಿನಂತೆ ಅರೆದು, ತಗಡಿನ ಮೇಲೆ ಗುಡ್ಡೆ ಹಾಕಿ, ಪಾಲು ಮಾಡಿ, ಒಂದು ಪಾಲನ್ನು ಪರೀಕ್ಷೆಗೆ ಕಳಿಸಬೇಕು. ಮೂಗಿಗೆ ಸೆರಗು ಕಟ್ಟಿಕೊಂಡು ಅರೆಯುತ್ತಿದ್ದೆವು. ಸಂಜೆ ಬಾಯಿ ಮುಕ್ಕಳಿಸಿದರೆ ಎಲೆಅಡಿಕೆ ಹಾಕಿದವರಂತೆ ಕೆಂಪು ನೀರು. ನನಗೆ ನಗು ಬರುತ್ತಿತ್ತು. ಗಿರಿಜಕ್ಕ ಮಾತ್ರ ನಗುತ್ತಿರಲಿಲ್ಲ. "ಇದು ಹೊರಗ ಬಂದದ್ದಾತು. ಒಳಗ ಕುಂತದ್ದು ಎಷ್ಟೈತೋ ಯಾರಿಗೆ ಗೊತ್ತು?" ಎನ್ನುತ್ತಿದ್ದಳು.

ಅವಳ ತವರು ಕಂಪ್ಲಿ, ಅಪ್ಪನದು ಅಕ್ಕಿ ಗಿರಣಿ. ಹುಟ್ಟಿದಾಗಿನಿಂದ ನೋಡಿದ್ದ ಆ ಗಿರಣಿಯಲ್ಲಿ ಒಂದು ದಿನ ಹೊಟ್ಟು ಎಳೆಯುವ ಫ್ಯಾನಿನ ಮುಂದೆ ನಿಂತುಬಿಟ್ಟಳಂತೆ. ಅಕ್ಕಿ ಕೆಳಗೆ ಬೀಳುತ್ತದೆ, ಹೊಟ್ಟು ಕೊಳವೆಯೊಳಗೆ ಹೋಗುತ್ತದೆ, ಯಾರ ಮೂಗಿಗೂ ಬರುವುದಿಲ್ಲ. ಅಷ್ಟೇ ಸಾಕಾಯಿತು. ಕೆಲಸ ಬಿಟ್ಟು ಹೊಸಪೇಟೆಯಲ್ಲಿ ಒಂದು ತಗಡಿನ ಶೆಡ್ಡು ಹಿಡಿದಳು. ಲಾರಿ ರಿಪೇರಿ ಮಾಡುತ್ತಿದ್ದ ಖಾಜಾಸಾಬ್, ಅವಳು, ನಾನು. ನಮ್ಮ ಕಂಪನಿ ಎಂದರೆ ಇಷ್ಟೇ.

ಒಂದು ಕಡೆ ಅದಿರು ಸುರಿದರೆ ತಾನೇ ಕುಟ್ಟಿ, ಅರೆದು, ಪಾಲು ಮಾಡಿ, ಪುಟ್ಟ ಡಬ್ಬಿಗೆ ತುಂಬಿಕೊಡುವ ಯಂತ್ರವೊಂದನ್ನು ಅಲ್ಲಿ ಕಟ್ಟಿದೆವು. ಮನುಷ್ಯರ ಕೈ ಸೋಕುವಂತಿರಲಿಲ್ಲ. ಮೇಲೆ ಧೂಳು ಎಳೆದುಕೊಳ್ಳುವ ಒಂದು ಮುಚ್ಚಿಗೆ, ಎಲ್ಲರೂ ಹುಡ್ ಎನ್ನುವುದು. ಅದಕ್ಕೆ ಅವಳಿಟ್ಟ ಹೆಸರು ಸೆರಗು. ಡ್ರಾಯಿಂಗಿನಲ್ಲೂ ಸೆರಗು, ಬಿಲ್ಲಿನಲ್ಲೂ ಸೆರಗು. "ಇಷ್ಟು ದಿನ ನಾವು ಕಟ್ಟಿಗೊಂಡಿದ್ದು ಸಾಕು, ಇನ್ನ ಅದು ಹೊದಕೊಳ್ಳಲಿ" ಎಂದಳು.

ಆ ಹೆಸರು ತಂದ ಫಜೀತಿ ಒಂದೆರಡಲ್ಲ. ಒಂದು ಭಾನುವಾರ ಮರಿಯಮ್ಮನಹಳ್ಳಿ ಕಡೆಯ ಲ್ಯಾಬಿನಿಂದ ಆಪರೇಟರು ಫೋನ್ ಮಾಡಿದ. ಗಿರಿಜಕ್ಕ ಸ್ನಾನಕ್ಕೆ ಹೋಗಿದ್ದಳು, ಫೋನ್ ಎತ್ತಿದ್ದು ಅವಳ ಅತ್ತೆ.

"ಮೇಡಂ, ಸೆರಗು ಜಾರೈತ್ರೀ, ಜಲ್ದಿ ಬರ್ರಿ!"

"ಯಾವನಲೇ ನೀನು? ನಾಚಿಗಿ ಇಲ್ಲೇನು ನಿನಗ?"

"ನಾ ಕೈಲೆ ಹಿಡಕೊಂಡೇ ನಿಂತೀನ್ರೀ. ಬಿಟ್ರ ಪೂರ್ತಿ ಬೀಳ್ತೈತಿ!"

ಅತ್ತೆ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಖಾಜಾಸಾಬ್ ಬಿದ್ದು ಬಿದ್ದು ನಕ್ಕ ಮೇಲೆ, "ಅಕ್ಕಾ, ಎಲ್ಲಾರಂಗ ಹುಡ್ ಅಂತ ಬರದುಬಿಡ್ರಿ. ನಮ್ಮ ಮಾನಾನೂ ಉಳಿತೈತಿ" ಎಂದ.

"ಹುಡ್ ಅಂದ್ರ ಬೇಕಾದ್ರ ಇಟಗೊಂತಾರ, ಬ್ಯಾಡಾದ್ರ ತೆಗದ ಒಗಿತಾರ ಖಾಜಾ. ಸೆರಗು ಅಂದ್ರ ನೋಡು, ಕೈ ಹಾಕಾಕ ಹೆದರ್ತಾರ" ಎಂದಳು ಗಿರಿಜಕ್ಕ.

ಆದರೆ ಹೆದರದವರೂ ಇದ್ದರು. ದೊಡ್ಡ ಕಾರ್ಖಾನೆಯೊಂದರ ಖರೀದಿ ಅಧಿಕಾರಿ, ಸೆರಗಿನಿಂದ ಕರೆಂಟು ಹೆಚ್ಚು ಸುಡುತ್ತದೆ, ಕೆಲಸ ನಿಧಾನ, ಅದನ್ನು ತೆಗೆದು ಬರೀ ಯಂತ್ರ ಕೊಡಿ ಎಂದರು. ನಮಗೆ ಸಂಬಳಕ್ಕೂ ತತ್ವಾರವಾಗಿದ್ದ ಕಾಲ ಅದು. ಗಿರಿಜಕ್ಕ ತಣ್ಣಗೆ, "ಸಾಹೇಬ್ರ, ನಿಮ್ಮ ಲ್ಯಾಬಿನ ಹಿಂದಿನ ಕೋಣ್ಯಾಗ ಒಂದು ತಾಸು ಕುಂದ್ರಿ. ಎದ್ದು ಬಂದು ಬ್ಯಾಡ ಅಂದ್ರ ತೆಗದೇ ಕಳಸ್ತೀನಿ" ಎಂದಳು. ಅವರು ಕೂರಲಿಲ್ಲ. ಆರ್ಡರೂ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು.

ಕಂಪನಿ ಬೆಳೆದದ್ದು ಮಾತ್ರ ಅದೇ ಸೆರಗಿನಿಂದ. ಒಂದು ಲ್ಯಾಬಿನಲ್ಲಿ ಅರೆಯುತ್ತಿದ್ದವರು ಇನ್ನೊಂದು ಲ್ಯಾಬಿನವರಿಗೆ ಹೇಳಿದರು, ಅವರು ತಮ್ಮ ಸಾಹೇಬರ ಬೆನ್ನು ಬಿದ್ದರು. ಶೆಡ್ಡು ಹೋಗಿ ಕಟ್ಟಡ ಬಂತು, ಹೊಸ ಇಂಜಿನಿಯರುಗಳು ಬಂದರು, ಯಂತ್ರಗಳು ಒಡಿಶಾಕ್ಕೂ ಹೋದವು. ಅಲ್ಲಿನವರು ಫೋನಿನಲ್ಲಿ "ಸೆರಾಗೂ, ಸೆರಾಗೂ" ಎನ್ನುವಾಗ ಗಿರಿಜಕ್ಕ ಸಣ್ಣ ಹುಡುಗಿಯ ಹಾಗೆ ಖುಷಿಪಡುತ್ತಿದ್ದಳು.

ಅಷ್ಟರಲ್ಲಿ ಅವಳ ಕೆಮ್ಮು ಜೋರಾಯಿತು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ನೋಡಿ, "ಯಾವ ಕ್ವಾರಿಯಲ್ಲಿ ಕೆಲಸ ಮಾಡುತ್ತಿದ್ದಿರಿ?" ಎಂದು ಕೇಳಿದರು. ಹರೆಯದಲ್ಲಿ ಆ ಹಿಂದಿನ ಕೋಣೆಯಲ್ಲಿ ಒಳಗೆ ಹೋದ ಧೂಳು ಶ್ವಾಸಕೋಶವನ್ನು ಗಟ್ಟಿ ಮಾಡಿಬಿಟ್ಟಿತ್ತು. ಅದಕ್ಕೆ ಔಷಧವಿಲ್ಲ. ಅದೇ ಕೋಣೆಯಲ್ಲಿ ನಾನೂ ಇದ್ದೆನಲ್ಲ, ನನಗೇಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ನನಗೆ ಗೊತ್ತಿದೆ. ನಾನು ಬಸುರಿಯಾದಾಗ ಗಿರಿಜಕ್ಕ ನನ್ನನ್ನು ಬಾಗಿಲಾಚೆ ಲಾರಿ ನಂಬರು ಬರೆಯಲು ಕೂರಿಸಿ, ನನ್ನ ಪಾಲಿನದನ್ನೂ ತಾನೇ ಅರೆದಳು. ಹೆರಿಗೆಯಾಗಿ ಬಂದ ಮೇಲೂ, "ಮಗು ಮೊಲಿ ಬಿಡೋತನ ಒಳಗ ಬರಬ್ಯಾಡ" ಎಂದು ಒಳಗೆ ಬಿಡಲಿಲ್ಲ. ಬೆಳೆದು ನಿಂತ ನನ್ನ ಮಗಳು ಈಗ ಓಡಿಕೊಂಡು ಮೆಟ್ಟಿಲು ಹತ್ತುತ್ತಾಳೆ, ಅವಳ ಹಿಂದೆ ನಾನೂ ಹತ್ತುತ್ತೇನೆ.

ತೀರಿಹೋಗುವ ವಾರದಲ್ಲಿ ಅವಳು ಹಟ ಹಿಡಿದಳು, ಯಂತ್ರ ಓಡುವುದನ್ನು ಒಮ್ಮೆ ನೋಡಬೇಕೆಂದು. ಆಕ್ಸಿಜನ್ ಸಿಲಿಂಡರನ್ನು ಕಾರಿನಲ್ಲಿಟ್ಟುಕೊಂಡು ಖಾಜಾಸಾಬ್ ಮತ್ತು ನಾನು ಅವಳನ್ನು ದೋಣಿಮಲೈ ದಾರಿಯ ಒಂದು ಲ್ಯಾಬಿಗೆ ಕರೆದೊಯ್ದೆವು. ಓಡುತ್ತಿದ್ದ ಯಂತ್ರದ ಪಕ್ಕದ ಮೇಜಿನ ಮೇಲೆ ತಿಂಡಿಯ ಡಬ್ಬಿ ಬಿಚ್ಚಿಕೊಂಡು, ಬಿಳಿ ಚೂಡಿದಾರದ ಹೊಸ ಹುಡುಗಿಯೊಬ್ಬಳು ಮಂಡಕ್ಕಿ ತಿನ್ನುತ್ತಿದ್ದಳು. ಅವಳಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಗಡಬಡಿಸಿ ಎದ್ದು ಕುರ್ಚಿ ಕೊಟ್ಟು, ಮೂಗಿನ ನಳಿಕೆ ನೋಡಿ ಮೆಲ್ಲಗೆ ಕೇಳಿದಳು:

"ಏನಾಗೇತ್ರೀ ಅಕ್ಕಾರ ನಿಮಗ?"

"ಧೂಳವ್ವಾ," ಎಂದಳು ಗಿರಿಜಕ್ಕ. "ನಿನ್ನಂಗ ಲ್ಯಾಬಿನ್ಯಾಗ ಇದ್ದೆ."

ಹುಡುಗಿ ಸುತ್ತ ಒಮ್ಮೆ ನೋಡಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಲ್ಯಾಬಿನ್ಯಾಗ ಧೂಳು ಎಲ್ಲಿಂದ ಬರ್ತೈತ್ರೀ?"

ಗಿರಿಜಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮುಖವೆಲ್ಲ ನಗುವಾಗಿತ್ತು. ಏನೋ ಹೇಳಲು ಬಾಯಿ ತೆರೆದಳು, ಮತ್ತೆ ತೆರೆದಳು. ಆ ಹುಡುಗಿಗೆ ಉತ್ತರ ಕೊಡುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ.