ಕಪ್ಪು ದಾರದ ಅಡಿಯ ಬಿಳಿ ಚುಕ್ಕಿ

ಕೊರೋನಾ ಮುಗಿದ ಎರಡನೇ ವರ್ಷದ ಮಾತು. ಹೊಸಕೋಟೆಯಲ್ಲಿ ಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ತಂದೆ ಇಟ್ಟಿದ್ದ ಗಾಳದ ಅಂಗಡಿಯನ್ನು ನಾನು ವಹಿಸಿಕೊಂಡು ಆಗ ಹತ್ತೊಂಬತ್ತು ವರ್ಷ ಆಗಿತ್ತು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಂಗಡಿಯಲ್ಲಿ ಕೂತು ಕಲಿತಿದ್ದೇ ಹೆಚ್ಚು. ಗಾಳ, ದಾರ, ರೀಲು, ರಾಡು ಮಾರುವುದರ ಜೊತೆಗೆ ರಾಡಿನ ಮೇಲೆ ಗಾಳದ ದಾರ ಹಾಯುವ, ಸಡಿಲವಾದ ರಿಂಗುಗಳನ್ನು ಮತ್ತೆ ದಾರ ಸುತ್ತಿ ಕೂರಿಸಿ ವಾರ್ನಿಶ್ ಹಚ್ಚುವ ಕೆಲಸವೂ ನನ್ನದೇ. ಆ ಕೆಲಸಕ್ಕೆ ದೇವನಹಳ್ಳಿಯಿಂದಲೂ ಜನ ಬರುತ್ತಿದ್ದರು. "ರತ್ನಮ್ಮ ಸುತ್ತಿದ ದಾರ ಬಿಚ್ಚಲ್ಲ" ಅನ್ನುವ ಮಾತಿತ್ತು. ಆ ಮಾತಿನ ಬಗ್ಗೆ ನನಗೆ ಜಂಬವೂ ಇತ್ತು.

ನನ್ನ ತಮ್ಮ ನಾಗೇಶ ಜಡಿಗೇನಹಳ್ಳಿ ಹತ್ತಿರದ ಒಂದು ತೋಟದ ಕೊಳದಲ್ಲಿ ಕೆಲಸಕ್ಕಿದ್ದ. ಬೆಂಗಳೂರಿನವರು ಭಾನುವಾರ ಅಲ್ಲಿಗೆ ಬಂದು, ಟಿಕೆಟ್ ಕೊಂಡು, ಮೀನು ಹಿಡಿದು, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಾರೆ. ಬಂದವರಿಗೆ ಗಾಳ ಕಟ್ಟಿಕೊಡುವುದು, ಎಸೆಯುವುದನ್ನು ಹೇಳಿಕೊಡುವುದು, ದೊಡ್ಡ ಮೀನು ಸಿಕ್ಕಿದಾಗ ದಡಕ್ಕೆ ತರಲು ನೆರವಾಗುವುದು ಅವನ ಕೆಲಸ. ಹತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಅವನ ಕೈಯಿಂದ ಮೀನು ತಪ್ಪಿದ್ದನ್ನು ನೋಡಿದವರು ಕಡಿಮೆ.

ಆ ವರ್ಷ ಜಬ್ಬಾರ್ ಸಾಹೇಬರು ಅಂಗಡಿಗೆ ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬಲಗೈಯ ನರ ಬಿಗಿದು ಬೆರಳುಗಳು ಅರ್ಧ ಜೋಮು ಹಿಡಿದಂತೆ ಇರುತ್ತಿದ್ದವು. ಚಹಾ ಲೋಟ ಬಿಸಿಯೋ ತಣ್ಣಗೋ ಗೊತ್ತಾಗಲು ಎಡಗೈಗೆ ದಾಟಿಸಿಕೊಳ್ಳುತ್ತಿದ್ದರು.

"ರತ್ನಮ್ಮಾ, ಬಾಸ್ ರಾಡ್ ಇದ್ಯಾ? ಮೊಬೈಲ್‌ನಾಗೆ ಅಮೆರಿಕಾದವ್ನು ಹಿಡೀತಾನಲ್ಲ, ಅಂಥದ್ದು."

"ನಮ್ ಕಡೆ ಬಾಸ್ ಮೀನೇ ಇಲ್ವಲ್ಲ ಸಾಹೇಬ್ರೇ."

"ಮೀನಿಲ್ದಿದ್ರೆ ಏನಾಯ್ತು? ಮನೇಲಿ ಬಾಸ್ ನನ್ ಹೆಂಡ್ತಿ, ಇಲ್ಲಿ ನಾನಾದ್ರೂ ಒಂದಿನ ಬಾಸ್ ಆಗ್ತೀನಿ, ಕೊಡಮ್ಮ."

ಅವರು ನಗೆಯಾಡಿದರೂ ಕೇಳಿದ್ದು ಸರಿಯಾದದ್ದನ್ನೇ. ಬಾಸ್ ಮೀನು ಇಲ್ಲಿಲ್ಲ, ಆದರೆ ನಮ್ಮ ಕೊರಮೀನು ಅದೇ ಥರದ ಗುಣದ್ದು. ಗಿಡಗಂಟಿ ಬೆಳೆದ ನೀರಿನಲ್ಲಿ ಅಡಗಿ ಕೂತು, ರಪ್ಪನೆ ಬಾಯಿ ಹಾಕಿ, ತಿರುಗಿ ಜೊಂಡಿನೊಳಗೆ ನುಗ್ಗುತ್ತದೆ. ಅದಕ್ಕೆ ಬಾಸ್ ರಾಡೇ ಸರಿ.

ಇಲ್ಲಿ ಎರಡು ಮಾತು ವಿವರಿಸಬೇಕು. ರಾಡಿನ ಪವರ್ ಅಂದರೆ ಅದನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು. ಆಕ್ಷನ್ ಅಂದರೆ ಅದು ಎಲ್ಲಿಂದ ಬಗ್ಗುತ್ತದೆ ಎಂಬುದು. ತುದಿಯಲ್ಲಿ ಮಾತ್ರ ಬಗ್ಗಿದರೆ ಫಾಸ್ಟ್, ನಡುವಿನಿಂದ ಬಗ್ಗಿದರೆ ನಿಧಾನ. ಜೊಂಡಿನಿಂದ ಮೀನನ್ನು ಎಳೆಯಲು ಪವರ್ ಬೇಕು. ಮೀನು ಮೂತಿ ತಾಗಿಸಿದ್ದು ಕೈಗೆ ತಿಳಿಯಲು ಸೂಕ್ಷ್ಮತೆ ಬೇಕು. ಫೈಬರ್ ಗ್ಲಾಸಿನ ರಾಡು ಎತ್ತಿ ಬಿಸಾಕಿದರೂ ತಡೆಯುತ್ತದೆ, ಆದರೆ ಮಂದ. ಕಾರ್ಬನ್ ರಾಡು ತೆಳ್ಳಗೆ, ಹಗುರ. ಬಲವೂ ಇದೆ, ನೀರಿನಡಿಯ ಕಲ್ಲಿಗೆ ಗಾಳ ತಾಗಿದ್ದನ್ನೂ ಮೊಣಕೈವರೆಗೆ ತಂದು ಹೇಳುತ್ತದೆ. ಅದರ ಒಂದೇ ದೋಷ, ಪೆಟ್ಟು ತಡೆಯುವುದಿಲ್ಲ. ಗಟ್ಟಿ ಅಂಚಿಗೆ ಒಮ್ಮೆ ತಾಗಿದರೆ ಒಳಗಿನ ನಾರು ಮುರಿಯುತ್ತದೆ. ಹೊರಗೆ ಏನೂ ಕಾಣದೆ ಇರಬಹುದು. ಮುರಿಯುವುದು ಇನ್ಯಾವತ್ತೋ, ಭಾರ ಬಿದ್ದ ದಿನ.

ಸಾಹೇಬರ ಜೋಮು ಬೆರಳಿಗೆ ಕಾರ್ಬನ್ನೇ ಬೇಕಿತ್ತು. ಏಳು ಅಡಿ, ಮೀಡಿಯಂ ಹೆವಿ ಪವರ್, ಫಾಸ್ಟ್ ಆಕ್ಷನ್. ಅಂಥದ್ದು ಅಂಗಡಿಯಲ್ಲಿ ಒಂದೇ ಒಂದಿತ್ತು.

ಆ ಒಂದು ರಾಡು ಹಿಂದಿನ ವಾರ ನನ್ನ ಕೈಯಿಂದ ಬಿದ್ದಿತ್ತು. ಧೂಳು ಒರೆಸುವಾಗ ಸ್ಟ್ಯಾಂಡಿನಿಂದ ಜಾರಿ ಶಟರಿನ ಕಬ್ಬಿಣದ ಪಟ್ಟಿಗೆ ತಾಗಿ ಟಿಕ್ ಎಂದಿತು. ಎತ್ತಿ ನೋಡಿದೆ. ತುದಿಯಿಂದ ಒಂದೂವರೆ ಅಡಿ ಕೆಳಗೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕಿ. ಹತ್ತಿ ಉಂಡೆಯನ್ನು ರಾಡಿನ ಉದ್ದಕ್ಕೂ ಸವರಿದೆ. ನಾರು ಮುರಿದಿದ್ದರೆ ಅಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ತಂದೆ ಕಲಿಸಿದ ಪರೀಕ್ಷೆ. ಚುಕ್ಕಿಯ ಮೇಲೆ ಒಂದು ಎಳೆ ನಿಂತಿತು.

ಆಗಲೇ ಅದನ್ನು ಒಳಗೆ ಎತ್ತಿಡಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ರಿಂಗಿಗೆ ಸುತ್ತುವ ಕಪ್ಪು ದಾರ ತೆಗೆದು, ಚುಕ್ಕಿಯ ಮೇಲೆ ಒಂದು ಅಂಗುಲ ಒತ್ತೊತ್ತಾಗಿ ಸುತ್ತಿ, ಎರಡು ಸಲ ವಾರ್ನಿಶ್ ಕೊಟ್ಟೆ. ನೋಡಿದರೆ ಕಂಪನಿಯ ಅಲಂಕಾರದಂತೆ ಕಾಣುತ್ತಿತ್ತು. ಸುತ್ತಿದ್ದರಿಂದ ಗಟ್ಟಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ರತ್ನಮ್ಮ ಸುತ್ತಿದ ದಾರ ಬಿಚ್ಚುವುದಿಲ್ಲವಲ್ಲ.

ಸಾಹೇಬರು ಬಂದ ದಿನ ನಾಗೇಶನೂ ಅಂಗಡಿಯಲ್ಲಿದ್ದ. ಅವನೇ ಆ ರಾಡನ್ನು ಅವರ ಕೈಗೆ ಕೊಟ್ಟು, ತುದಿಯ ರಿಂಗಿಗೆ ಉಗುರಿನಿಂದ ಮೆಲ್ಲಗೆ ತಟ್ಟಿದ.

"ಗೊತ್ತಾಯ್ತಾ ಸಾಹೇಬ್ರೇ?"

ಸಾಹೇಬರು ಕಣ್ಣು ಮುಚ್ಚಿದ್ದರು. "ಗೊತ್ತಾಯ್ತಪ್ಪ. ಇನ್ನೊಂದ್ಸಲ ತಟ್ಟು."

ಅವನು ಮತ್ತೆ ತಟ್ಟಿದ. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಎಷ್ಟೋ ವರ್ಷದ ಮೇಲೆ ಆ ಕೈಗೆ ಏನೋ ಬಂದು ಮುಟ್ಟಿತ್ತು. ಆ ಭಾನುವಾರವೇ ಕೊಳಕ್ಕೆ ಹೋಗುವುದೆಂದು ನಿರ್ಧರಿಸಿಬಿಟ್ಟರು. ಹೊಸ ಸರಕು ಬರಲು ಹದಿನೈದು ದಿನವಿತ್ತು. ಕಾಯಿರಿ ಅನ್ನುವ ಒಂದು ಮಾತು ಸಾಕಿತ್ತು, ನಾನು ಅದನ್ನು ಹೇಳಲಿಲ್ಲ.

ನಾಗೇಶ ಬೆರಳಾಡಿಸುತ್ತಾ ದಾರದ ಹತ್ತಿರ ನಿಂತ. "ಅಕ್ಕ, ಇಲ್ಯಾಕೆ ದಾರ? ರಿಂಗೇ ಇಲ್ವಲ್ಲ."

"ಕಂಪನಿಯೋರೇ ಸುತ್ತಿರೋದು ಕಣೋ, ಅಂದಕ್ಕೆ," ಅಂದೆ.

ಅವನು ತಲೆಯಾಡಿಸಿದ. ರಾಡನ್ನು ಸಾಹೇಬರಿಗೆ ಕಟ್ಟಿಕೊಟ್ಟ.

ಭಾನುವಾರ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಸಾಹೇಬರೂ ನಾಗೇಶನೂ ಹೇಳಿದ್ದು. ಹತ್ತು ಗಂಟೆಗೆ ಸಾಹೇಬರಿಗೆ ಒಳ್ಳೆಯ ಕೊರಮೀನು ಸಿಕ್ಕಿತು, ನಾಲ್ಕು ಕೆಜಿಗೆ ಕಡಿಮೆಯಿಲ್ಲ. ಮೀನು ಮುಟ್ಟಿದ್ದು ತಮಗೇ ಮೊದಲು ತಿಳಿಯಿತು ಎಂದು ಅವರು ಕೂಗಿದರಂತೆ. ದಡದ ಹತ್ತಿರ ಬಂದಾಗ ಅದು ಜೊಂಡಿಗೆ ತಿರುಗಿತು. ಅವರ ಹಿಡಿತ ಸಾಲದೆ ನಾಗೇಶ ರಾಡು ತೆಗೆದುಕೊಂಡು ಎಳೆದ. ಪಟಾಕಿಯಂತೆ ಸದ್ದಾಯಿತು. ತುದಿಯ ತುಂಡು ಗಾಳದ ದಾರದಲ್ಲಿ ಜಾರಿ ನೀರಿಗಿಳಿಯಿತು. ಮೀನು ಬಾಯಲ್ಲಿ ಗಾಳ ಇಟ್ಟುಕೊಂಡೇ ದಾರ ಕಡಿದುಕೊಂಡು ಹೋಯಿತು.

ಮೀನು ದಡಕ್ಕೆ ಬಂದಾಗ ರಾಡನ್ನು ನೆಟ್ಟಗೆ ಮೇಲಕ್ಕೆ ಎತ್ತಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಎತ್ತಿದರೆ ಭಾರವೆಲ್ಲ ತುದಿಗೆ ಬಿದ್ದು ಎಂಥ ರಾಡೂ ಮುರಿಯುತ್ತದೆ. ನಾಗೇಶ ಅದನ್ನು ಬಂದವರಿಗೆಲ್ಲ ಹೇಳಿಕೊಡುತ್ತಿದ್ದವನು. ಕೊಳದ ಮಾಲೀಕ ಮುನಿರಾಜಣ್ಣ ಎಲ್ಲರೆದುರು ಕೂಗಾಡಿದರಂತೆ. "ಊರಿಗೆಲ್ಲ ಬುದ್ಧಿ ಹೇಳ್ತೀಯ, ನೀನೇ ಎತ್ತಿ ಮುರೀತೀಯ? ನಾಳೆಯಿಂದ ಗೇಟಲ್ಲಿ ಟಿಕೆಟ್ ಹರ್ಕೊಂಡು ಕೂತ್ಕೋ. ದಡಕ್ಕೆ ಕಾಲಿಡಬೇಡ."

ಮಧ್ಯಾಹ್ನ ನಾಗೇಶ ಎರಡು ತುಂಡು ತಂದು ನನ್ನ ಮೇಜಿನ ಮೇಲಿಟ್ಟ. ಪ್ಯಾಂಟು ಮೊಣಕಾಲವರೆಗೆ ಒದ್ದೆ. ತುಂಡಿಗಾಗಿ ನೀರಿಗೆ ಇಳಿದಿದ್ದ.

"ಅಕ್ಕ, ನೀನೇ ನೋಡು. ನಾನು ಎತ್ತಿಲ್ಲ ಅನ್ಸುತ್ತೆ. ಅಡ್ಡಕ್ಕೇ ಎಳ್ದೆ. ಆದ್ರೆ ಎಲ್ರೂ ಎತ್ತಿದೆ ಅಂತಾರೆ. ಎತ್ಬಿಟ್ನಾ?"

ಮುರಿದದ್ದು ಸರಿಯಾಗಿ ನಾನು ಸುತ್ತಿದ ದಾರದ ಅಡಿಯಲ್ಲೇ. ದಾರದ ಅರ್ಧ ಆ ತುಂಡಿನಲ್ಲಿ, ಅರ್ಧ ಈ ತುಂಡಿನಲ್ಲಿ. ನನಗೆ ನೋಡುವ ಅಗತ್ಯವೇ ಇರಲಿಲ್ಲ. ಆದರೂ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಂತೆ ಮಾಡಿದೆ. ನೆಟ್ಟಗೆ ಎತ್ತಿದ ರಾಡೂ ಸುಮಾರು ಅಲ್ಲೇ ಮುರಿಯುತ್ತದೆ. ಆ ನೆಪ ನನಗೆ ಸಿಕ್ಕಿತು.

"ಎತ್ತಿದ್ದೀಯ ಕಣೋ," ಅಂದೆ. "ನಿಂಗೆ ಗೊತ್ತಾಗಿಲ್ಲ, ಅಷ್ಟೇ."

ಅವನು ತನ್ನ ಬಲಗೈಯನ್ನು ನೋಡಿಕೊಂಡ. "ಹಂಗಾದ್ರೆ ಎತ್ತಿರ್ತೀನಿ ಬಿಡು," ಅಂದ.

ರಾಡು ಮಾರಿದ್ದು ಒಂದು ತಪ್ಪು. ಈ ಮಾತು ಅದಕ್ಕಿಂತ ದೊಡ್ಡದು. ಹೀಗೇಕೆ ಹೇಳಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಅಂಗಡಿಯ ಹೆಸರಿಗಾಗಿ ಎಂದು ಹೇಳಿದರೆ ಮರ್ಯಾದೆಯಾಗಿ ಕೇಳುತ್ತದೆ. ನಿಜವಾಗಿ ನನ್ನ ಜಂಬಕ್ಕಾಗಿ. ದಾರದ ವಿಷಯದಲ್ಲಿ ನಾನು ತಪ್ಪಿದೆ ಎಂದು ಒಪ್ಪುವುದಕ್ಕಿಂತ ನನ್ನ ತಮ್ಮನ ಕೈ ತಪ್ಪಿತು ಅನ್ನುವುದು ನನಗೆ ಸುಲಭವಾಯಿತು.

ಅವನು ಎರಡು ತಿಂಗಳು ಗೇಟಿನಲ್ಲಿ ಕೂತ. ಹಳೆಯ ಗಿರಾಕಿಗಳು ಬಂದು "ಏನ್ ಗುರು, ಟಿಕೆಟ್ ಆದ್ರೂ ನೆಟ್ಟಗೆ ಹರೀತೀಯ ತಾನೆ?" ಎಂದು ರೇಗಿಸುತ್ತಿದ್ದರಂತೆ. ಆಮೇಲೆ ಆ ಕೆಲಸವನ್ನೂ ಬಿಟ್ಟು ತರಕಾರಿ ಟೆಂಪೋ ಓಡಿಸತೊಡಗಿದ. ಅಂಗಡಿಗೆ ಬಂದರೂ ರಾಡು ಮುಟ್ಟುತ್ತಿರಲಿಲ್ಲ. ಯಾರಾದರೂ ಸಲಹೆ ಕೇಳಿದರೆ "ಅಕ್ಕನ್ನ ಕೇಳಿ, ನಂಗೆ ಅಷ್ಟು ತಿಳಿಯಲ್ಲ" ಅನ್ನುತ್ತಿದ್ದ. ನಾನೇ ರಾಡು ಆರಿಸಿ ಕೊಡುತ್ತಿದ್ದೆ. ಏಳು ತಿಂಗಳು ಹೀಗೇ ನಡೆಯಿತು.

ಏಳನೇ ತಿಂಗಳು ಜಬ್ಬಾರ್ ಸಾಹೇಬರು ಮತ್ತೆ ಬಂದರು. ಅದೇ ಥರದ ಇನ್ನೊಂದು ರಾಡು ಬೇಕು ಎಂದರು. ಆರು ರಾಡು ಮುಂದಿಟ್ಟೆ. ಅವರು ಒಂದನ್ನೂ ಎತ್ತಿಕೊಳ್ಳಲಿಲ್ಲ.

"ನಾಗೇಶನ್ನ ಕರಿಯಮ್ಮ. ಅವ್ನೇ ಆರಿಸ್ಲಿ."

"ಅವನು ನಿಮ್ದು ಮುರಿದೋನು ಸಾಹೇಬ್ರೇ," ಅಂದೆ. ಅಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ಅದೇ.

"ಮುರಿದ್ರೆ ಮುರೀಲಿ. ನಾನು ಮೂವತ್ತು ವರ್ಷ ಗಾಡಿ ಓಡ್ಸಿದೀನಿ, ಎರಡು ಸಲ ಗುದ್ದಿದೀನಿ. ಡಿಪೋದೋರು ಮಾರ್ನೇ ದಿನ ಮತ್ತೆ ಕೀ ಕೊಟ್ರು. ಇಲ್ದಿದ್ರೆ ನಾನು ಸ್ಟೀರಿಂಗ್ ಹಿಡೀತಾನೇ ಇರ್ಲಿಲ್ಲ. ಕರಿ ಅವ್ನನ್ನ."

ನಾಗೇಶ ಟೆಂಪೋ ನಿಲ್ಲಿಸಿ ಬಂದ. ಆರು ರಾಡುಗಳ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತ. ಸಾಹೇಬರು ಎಷ್ಟು ಹೇಳಿದರೂ ಕೈ ಬಿಚ್ಚಲಿಲ್ಲ. ಹತ್ತು ವರ್ಷ ಊರಿಗೆಲ್ಲ ರಾಡು ಹಿಡಿಯುವುದನ್ನು ಕಲಿಸಿದವನು, ಶಾಲೆಯಲ್ಲಿ ತಪ್ಪು ಮಾಡಿ ನಿಂತ ಮಗುವಿನಂತೆ ನಿಂತಿದ್ದ. ಅದನ್ನು ನೋಡಲಾಗಲಿಲ್ಲ. ಬೀರುವಿನಲ್ಲಿ ಅಡಗಿಸಿಟ್ಟಿದ್ದ ಆ ಎರಡು ತುಂಡು ತಂದು, ಬ್ಲೇಡಿನಿಂದ ದಾರ ಬಿಡಿಸಿ, ಒಡೆದ ಅಂಚಿನಲ್ಲಿ ಉಳಿದಿದ್ದ ಬಿಳಿ ಗುರುತನ್ನು ಇಬ್ಬರಿಗೂ ತೋರಿಸಿದೆ. ಬಿದ್ದದ್ದು, ಸುತ್ತಿದ್ದು, ಮಾರಿದ್ದು, ಎಲ್ಲ ಹೇಳಿದೆ.

ಸಾಹೇಬರು "ಯಾ ಅಲ್ಲಾಹ್" ಎಂದು ಸ್ಟೂಲಿನ ಮೇಲೆ ಕೂತರು. ನಾಗೇಶ ಆ ಗುರುತಿನ ಮೇಲೆ ಉಗುರು ಆಡಿಸಿದ.

"ಮಾರಿದ್ದು ಬಿಡು ಅಕ್ಕ, ಯಾರೋ ಒಬ್ರು ಮಾರ್ತಾರೆ. ಅವತ್ತು ನಾನು ನಿನ್ನ ಕೇಳಿದ್ನಲ್ಲ, ಎತ್ಬಿಟ್ನಾ ಅಂತ. ಒಂದು 'ಇಲ್ಲ' ಅನ್ನೋಕೆ ಆಗ್ಲಿಲ್ವಾ?"

ನಾನು ಆ ಎರಡು ತುಂಡನ್ನು ಕಾಗದದಲ್ಲಿ ಸುತ್ತಿಟ್ಟೆ. ಮುನಿರಾಜಣ್ಣನಿಗೂ ತೋರಿಸಬೇಕಿತ್ತು.

ಮರುದಿನ ಮುನಿರಾಜಣ್ಣನ ತೋಟಕ್ಕೆ ಹೋಗಿ ಎಲ್ಲ ಹೇಳಿದೆ. ಅವರು ತಲೆ ಕೆರೆದುಕೊಂಡು, "ಅಯ್ಯೋ, ಮೊದ್ಲೇ ಹೇಳ್ಬಾರ್ದೇನಮ್ಮ. ಈಗ ಬೇರೆಯವ್ರು ಸೇರ್ಕೊಂಡವ್ರೆ, ಅವ್ರನ್ನ ಹೆಂಗೆ ತೆಗೀಲಿ?" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಸಾಹೇಬರಿಗೆ ಹೊಸ ರಾಡು ಕೊಟ್ಟೆ. ನಾಗೇಶನಿಗೆ ಹಿಂದಿರುಗಿಸಲು ನನ್ನ ಅಂಗಡಿಯಲ್ಲಿ ಏನೂ ಇರಲಿಲ್ಲ.

ಪೆಟ್ಟು ಬಿದ್ದ ರಾಡನ್ನು ಮಾರಬಾರದು ಎಂಬುದು ನನಗೆ ಮೊದಲೇ ಗೊತ್ತಿತ್ತು, ಅದನ್ನು ಈ ಘಟನೆ ಕಲಿಸಬೇಕಿರಲಿಲ್ಲ. ನಾನು ಕಲಿತದ್ದು ಇದು: ಈ ಕೆಲಸದಲ್ಲಿ ಹೆಸರು ಬಂದಷ್ಟೂ ನಮ್ಮ ಮಾತನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ನಾಗೇಶನಿಗೆ ಅಡ್ಡಕ್ಕೆ ಎಳೆದದ್ದು ಚೆನ್ನಾಗಿ ನೆನಪಿತ್ತು. ಆದರೂ ಅವನು ತನ್ನ ಕೈಯನ್ನು ಅನುಮಾನಿಸಿದ, ಅಕ್ಕನ ಮಾತನ್ನಲ್ಲ. ಈಗ ಅವನು ಅಂಗಡಿಗೆ ಬರುತ್ತಾನೆ, ಗಿರಾಕಿಗಳಿಗೆ ರಾಡು ಆರಿಸಿಯೂ ಕೊಡುತ್ತಾನೆ. ನಾನು ಚೆನ್ನಾಗಿದೆ ಎಂದು ಹೇಳಿ ಕೊಟ್ಟ ರಾಡನ್ನು ಬಾಗಿಲಿನ ಬೆಳಕಿಗೆ ಒಯ್ದು, ನನಗೆ ಬೆನ್ನು ಮಾಡಿ ನಿಂತು, ಬುಡದಿಂದ ತುದಿಯವರೆಗೆ ಇನ್ನೊಮ್ಮೆ ನೋಡುತ್ತಾನೆ. ನೋಡಿ ಮುಗಿಸುವವರೆಗೆ ನಾನು ಬಿಲ್ ಬರೆಯದೆ ಕಾಯುತ್ತೇನೆ.