ನೆನೆಸದ ಬಟ್ಟೆ

ನಮ್ಮಕ್ಕ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸದೆ ಕತ್ತರಿ ಹಾಕಿದವಳಲ್ಲ. ಅವಳ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸದಾ ಒಂದು ಬಕೆಟ್ಟು, ಮೇಲೊಂದು ಹಗ್ಗ, ಹಗ್ಗದ ಮೇಲೆ ಯಾರದೋ ಕೋಟಿನ ಬಟ್ಟೆ. ಗಿರಾಕಿಗಳು "ಕುಗ್ಗಲ್ಲ ತಾನೇ? ಖಾತ್ರಿ ಕೊಡ್ತೀರಾ?" ಎಂದು ಕೇಳಿದರೆ, "ಖಾತ್ರಿ ಬೇಕಿದ್ರೆ ಬಟ್ಟೆ ಮಾರಿದವನ್ನ ಕೇಳಿ. ನಾನು ನೀರನ್ನ ಕೇಳ್ತೀನಿ" ಎನ್ನುತ್ತಿದ್ದಳು.

ಅಂಥವಳು ಕಸೂತಿ ಯಂತ್ರಕ್ಕೆಂದು ಕೂಡಿಟ್ಟ ಹಣವನ್ನೆಲ್ಲ ಷೇರು ಮಾರುಕಟ್ಟೆಗೆ ಹಾಕಲು ಹೊರಟಿದ್ದಳು. ಹುರಿದುಂಬಿಸಿದವನು ಅವಳ ಮೈದುನ. ಅವನ ಫೋನಿನ ಒಂದು ಗುಂಪಿನಲ್ಲಿ ಯಾರೋ 'ಗುರು' ಇದ್ದ. ವರ್ಷ ತುಂಬುವುದರೊಳಗೆ ದುಡ್ಡು ಎರಡು ಪಟ್ಟು, ಖಾತ್ರಿ ಎನ್ನುತ್ತಿದ್ದ.

"ಅತ್ತಿಗೆ, ಸಂಜೆಯೊಳಗೆ ಕಳಿಸ್ಬೇಕಂತೆ. ಆಮೇಲೆ ಬಾಗಿಲು ಮುಚ್ಚತ್ತೆ."

"ಹೊರಟು ಹೋಗೋಕೆ ಅದೇನು ಬಸ್ಸೇನೋ?" ಎಂದಳು ಅಕ್ಕ. ಆದರೂ ಅವಳ ಕೈ ಫೋನಿನ ಕಡೆಗೇ ಹೋಗುತ್ತಿತ್ತು.

ನಾನು ಪಕ್ಕದಲ್ಲಿ ಗುಂಡಿ ಹೊಲಿಯುತ್ತ ಕುಳಿತಿದ್ದೆ. ಈ ವಿಷಯ ನನಗೂ ತಿಳಿಯದು. ಮನಸ್ಸಿನಲ್ಲೇ ದೇವರನ್ನು ನೆನೆದೆ. ಅಷ್ಟರಲ್ಲಿ ಷೇರು ದಲ್ಲಾಳಿ ಕಚೇರಿಯ ಗುಮಾಸ್ತೆ ಕೋಟಿಗೆ ಅಳತೆ ಕೊಡಲು ಬಂದರು. ಅಕ್ಕ ಅವರ ಭುಜಕ್ಕೆ ಟೇಪು ಹಿಡಿದೇ ಕೇಳಿದಳು: "ಮೇಡಂ, ಷೇರು ಅಂದ್ರೆ ಏನು?"

"ಕಂಪನಿಯ ಒಂದು ಸಣ್ಣ ಪಾಲು. ಕಂಪನಿ ಚೆನ್ನಾಗಿ ನಡೆದ್ರೆ ಬೆಲೆ ಏರಬಹುದು, ಇಲ್ಲಾಂದ್ರೆ ಇಳೀಬಹುದು."

"ಎರಡು ಪಟ್ಟು ಖಾತ್ರಿ ಅಂತಾರಲ್ಲ?"

ಗುಮಾಸ್ತೆ ಚಾಚಿದ್ದ ಕೈ ಇಳಿಸಿದರು. "ಹಾಗೆ ಹೇಳೋ ಹಾಗೇ ಇಲ್ಲ. ಮಾರುಕಟ್ಟೆ ನೋಡ್ಕೊಳ್ಳೋಕೆ ಒಂದು ನಿಯಂತ್ರಣ ಮಂಡಳಿ ಇದೆ. ದುಡ್ಡು ತಗೊಂಡು ಸಲಹೆ ಕೊಡೋರು ಅಲ್ಲಿ ಹೆಸರು ನೋಂದಾಯಿಸಿರ್ಬೇಕು. ಅವರ ನೋಂದಣಿ ಸಂಖ್ಯೆ ಕೇಳಿ ನೋಡಿ."

ಅಕ್ಕ ಮೈದುನನತ್ತ ತಿರುಗಿದಳು. "ನಿನ್ನ ಗುರು ಬಟ್ಟೆ ನೆನೆಸಿಲ್ಲ ಕಣೋ."

ಅವನು ಮುಖ ಸಣ್ಣದು ಮಾಡಿಕೊಂಡೇ ಸಂಖ್ಯೆ ಕೇಳಿ ಸಂದೇಶ ಕಳಿಸಿದ. ಉತ್ತರ ಬರಲಿಲ್ಲ, ಗುರು ಅವನನ್ನು ಗುಂಪಿನಿಂದಲೇ ಹೊರಗೆ ಹಾಕಿದ್ದ.

"ಬಾಗಿಲು ಮುಚ್ಚತ್ತೆ ಅಂದಿದ್ಯಲ್ಲ, ಮುಚ್ತು ನೋಡು" ಎಂದಳು ಅಕ್ಕ.

ಯಂತ್ರದ ಹಣ ಬ್ಯಾಂಕಿನಲ್ಲೇ ಉಳಿಯಿತು. ಆದರೆ ಅಕ್ಕನಿಗೆ ಕುತೂಹಲ ಹತ್ತಿತ್ತು. ಬಟ್ಟೆಯ ಚೂರೊಂದನ್ನು ನೆನೆಸಿ ನೋಡುವಂತೆ, ಹೋದರೂ ಊಟಕ್ಕೆ ಕುತ್ತು ಬಾರದಷ್ಟು ದುಡ್ಡು ತೆಗೆದು, ಅದೇ ಗುಮಾಸ್ತೆಯ ನೋಂದಾಯಿತ ಕಚೇರಿಯ ಮೂಲಕ ದಾರ ಮಾಡುವ ಕಂಪನಿಯ ಷೇರು ಕೊಂಡಳು. ಕೆಲವೇ ದಿನಗಳಲ್ಲಿ ಬೆಲೆ ಇಳಿಯಿತು. "ಕುಗ್ತು. ಇನ್ನು ಅಷ್ಟೇ" ಎಂದು ಆ ದುಡ್ಡಿನ ಆಸೆ ಬಿಟ್ಟಳು. ಒಮ್ಮೆ ಕುಗ್ಗಿದ ಬಟ್ಟೆ ಮತ್ತೆ ಹಿಗ್ಗಿದ್ದನ್ನು ಅವಳು ಕಂಡವಳೇ ಅಲ್ಲ.

ಕೋಟು ಒಯ್ಯಲು ಬಂದ ಗುಮಾಸ್ತೆ, ಷೇರು ಕೊಂಡ ಬೆಲೆಗೇ ಮರಳಿದೆ ಎಂದಾಗ ಅಕ್ಕ ನಂಬಲಿಲ್ಲ.

"ಇದೆಂಥ ಬಟ್ಟೆ ಮೇಡಂ?"

"ಮತ್ತೆ ಕುಗ್ಗಿದ್ರೂ ಕುಗ್ಗಬಹುದು."

"ಹಾಗೆ ಬಾಯಿಬಿಟ್ಟು ಹೇಳ್ತೀರಲ್ಲ, ಅದೇ ಧೈರ್ಯ ನನಗೆ."

ಈಗ ಕಿಟಕಿಯ ಪಕ್ಕದಲ್ಲಿ ಕಸೂತಿ ಯಂತ್ರ ಬಂದು ಕುಳಿತಿದೆ. ಅದನ್ನು ಮಾರಿದವನು, ಬಣ್ಣ ಬಿಡುವುದಿಲ್ಲ, ಖಾತ್ರಿ ಎಂದು ಜೊತೆಗೆ ಕೆಂಪು ದಾರದ ಉಂಡೆಯೊಂದನ್ನು ಕೊಟ್ಟ. ಅವನು ಹೊಸ್ತಿಲು ದಾಟುವ ಮೊದಲೇ ಮೈದುನ ಅದನ್ನು ಒಯ್ದು ಬಕೆಟ್ಟಿಗೆ ಹಾಕಿದ.