ಗ್ಲೆನಿಸ್ ಹ್ಯಾರಪ್ ಹಿಡಿದ ಅಲೆಯ ಬಾಲ

ಗ್ಲೆನಿಸ್ ಹ್ಯಾರಪ್ ಹಟಕ್ಕೆ ಬಿದ್ದರೆ ಯಾರಪ್ಪ ಬಂದರೂ ಜಗ್ಗುವವಳಲ್ಲ. ಆಸ್ಟ್ರೇಲಿಯಾದ ಕ್ವೀನ್‌ಬಿಯನ್ ಊರಿನ ಶಾಲೆಯಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿ, ಐವತ್ತು ದಾಟಿದ ಮೇಲೆ ಕ್ಯಾನ್‌ಬೆರಾದ ಪ್ರಯೋಗಶಾಲೆಗೆ ಸಂಶೋಧನೆಗೆಂದು ಸೇರಿದಾಗ ಒಡಹುಟ್ಟಿದ ಅಕ್ಕನೇ "ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತೇ ಇದೆಲ್ಲ?" ಎಂದು ಮೂಗು ಮುರಿದಿದ್ದಳು.

ಅಲ್ಲಿದ್ದದ್ದು ಪ್ಲಾಸ್ಮಾವನ್ನು, ಅಂದರೆ ಕಾದು ವಿದ್ಯುತ್ ಹರಿಸಬಲ್ಲ ಅನಿಲವನ್ನು, ಅಯಸ್ಕಾಂತಗಳ ಬಲದಿಂದ ಕೂಡಿಹಾಕುವ ಯಂತ್ರ. ಅದರೊಳಕ್ಕೆ ವೇಗದ ಕಣಗಳ ಧಾರೆ ಹೊಡೆದಾಗ ಅಲೆಯೊಂದು ಕಾಣಿಸುತ್ತಿತ್ತು. ಕಣಗಳೇ ಪ್ಲಾಸ್ಮಾದಲ್ಲಿ ಅದನ್ನು ಎಬ್ಬಿಸುತ್ತವೆ ಎಂದು ಗ್ಲೆನಿಸ್ ವಾದ. ಅಲ್ಲ, ಧಾರೆಗೆ ವಿದ್ಯುತ್ ಕೊಡುವ ಪೆಟ್ಟಿಗೆಯ ಗದ್ದಲ ಎಂದು ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ ಮಾರ್ಗದರ್ಶಕ ಆಲಸ್ಟರ್. ಅವನ ಮಾತೇ ನಿಜವಾದರೆ ಅವಳ ಪ್ರಬಂಧ ನೀರುಪಾಲು.

ಗದ್ದಲವಾದರೆ ಧಾರೆ ನಿಂತ ಕೂಡಲೇ ಅಡಗಬೇಕು. ಕಣಗಳಾದರೆ ಸ್ವಿಚ್ ಆರಿಸಿದ ಫ್ಯಾನಿನಂತೆ ಇನ್ನಷ್ಟು ಹೊತ್ತು ಸುತ್ತುತ್ತವೆ, ಅಲೆಯೂ ತುಸು ಉಳಿಯುತ್ತದೆ. ಆದರೆ ಧಾರೆಯ ಜೊತೆಗೇ ದಾಖಲೆಯನ್ನೂ ನಿಲ್ಲಿಸುವುದು ಅಲ್ಲಿನ ರೂಢಿ. ಹಾಗಾಗಿ ಅಲೆಯ ಆ ಬಾಲವನ್ನು ಯಾರೂ ನೋಡಿರಲೇ ಇಲ್ಲ.

ಗ್ಲೆನಿಸ್‌ಗೆ ಇದು ಹೊಳೆದದ್ದು ಯಂತ್ರದ ಕೊನೆಯ ದಿನ. ಸಂಜೆ ಐದಕ್ಕೆ ವಿದ್ಯುತ್ ಕಡಿದು, ಆಮೇಲೆ ಬಿಚ್ಚಿ ಬೇರೆ ದೇಶಕ್ಕೆ ಕಳಿಸಲು ಹಡಗಿಗೆ ಹಾಕುವವರಿದ್ದರು. ಎಲ್ಲರೂ ಅಂಗಳದಲ್ಲಿ ಸಾಸೇಜು ಸುಡುತ್ತಿದ್ದರು. ಅವಳು ಯಂತ್ರ ನಡೆಸುವ ಮರ್ವ್‌ನನ್ನು ಹಿಡಿದಳು.

"ಇನ್ನೊಂದೇ ಒಂದ್ಸಲ, ಮರ್ವ್."

"ಹೋಗೇ ಮಾರಾಯ್ತಿ, ಬಿಯರ್ ಬಿಸಿ ಆಗ್ತಿದೆ."

"ಬಿಯರ್ ನಾಳೆನೂ ಸಿಗುತ್ತೆ. ಯಂತ್ರ ಸಿಗಲ್ಲ. ಏಳು ಮೇಲೆ!"

ಮರ್ವ್ ಗೊಣಗುತ್ತಲೇ ಬಂದು, ದಾಖಲೆಯ ಅವಧಿ ಹೆಚ್ಚಿಸಿ ಗುಂಡಿ ಒತ್ತಿದ. ಯಂತ್ರ ಮಿಸುಕಲಿಲ್ಲ. ಬಾಗಿಲ ಪಕ್ಕದ ಹಲಗೆಯಲ್ಲಿ ಒಂದು ಕೀಲಿಕೈ ಇರಲಿಲ್ಲ. ಯಂತ್ರದ ಕೋಣೆಗೆ ಹೋಗುವವರೆಲ್ಲ ತಲೆಗೊಂದು ಕೀಲಿ ಜೇಬಿಗಿಳಿಸಿಕೊಂಡೇ ಹೋಗಬೇಕು. ಅಷ್ಟೂ ಕೀಲಿ ಮರಳದೆ ಯಂತ್ರ ಚಾಲೂ ಆಗದು, ಒಳಗೆ ಯಾರೂ ಸಿಕ್ಕಿಬೀಳಬಾರದಲ್ಲ.

ಗ್ಲೆನಿಸ್ ಅಂಗಳಕ್ಕೆ ನಡೆದು ತನ್ನ ಹಳೆಯ ತರಗತಿಯ ದನಿ ತೆಗೆದಳು. "ಎಲ್ರೂ ಜೇಬು ಖಾಲಿ ಮಾಡಿ!"

ದೊಡ್ಡ ದೊಡ್ಡ ಪ್ರೊಫೆಸರುಗಳು ತೆಪ್ಪಗೆ ಕರವಸ್ತ್ರ, ಕನ್ನಡಕ ಹೊರಗೆಳೆದರು. ಇಕ್ಕಳ ಹಿಡಿದು ಸಾಸೇಜು ಹೊರಳಿಸುತ್ತಿದ್ದ ಆಲಸ್ಟರ್‌ನ ಜೇಬಿನಿಂದ ಕೀಲಿ ಬಂತು. ಊಟಕ್ಕೆ ಮುಂಚೆ ಯಂತ್ರವನ್ನು ಕೊನೆಯ ಸಲ ಮುಟ್ಟಿ ಬರಲು ಹೋಗಿದ್ದನಂತೆ. ಅವನ ಕಿವಿ ಕೆಂಪಾಯಿತು.

"ನೀನೂ ಬಾ. ಕಣ್ಣಾರೆ ನೋಡು," ಎಂದಳು ಗ್ಲೆನಿಸ್.

ಐದಾಗುತ್ತ ಬಂದಿತ್ತು. ಮರ್ವ್ ಮತ್ತೆ ಗುಂಡಿ ಒತ್ತಿದ. ಪರದೆಯಲ್ಲಿ ಧಾರೆಯ ಗೆರೆ ಕಡಿದು ಬಿತ್ತು. ಅಲೆ ಬೀಳಲಿಲ್ಲ. ಇನ್ನಷ್ಟು ದೂರ ಓಡಿ, ಕುಗ್ಗಿ, ಆಮೇಲೆ ಆರಿತು. ಗ್ಲೆನಿಸ್ ಪರದೆಯ ಮೇಲೆ ಬೆರಳಿಟ್ಟು ಆ ಬಾಲವನ್ನು ತೋರಿಸಿದಳು.

"ಇಷ್ಟೊತ್ತಿಗೆ ನಾನ್ ಹೇಳ್ತಿದ್ದ ಪೆಟ್ಟಿಗೆ ಆಫ್ ಆಗಿತ್ತಾ?" ಎಂದ ಆಲಸ್ಟರ್.

"ಪೂರ್ತಿ ಆಫ್," ಎಂದ ಮರ್ವ್.

"ಒಂದ್ಸಲ ಕಂಡಿದ್ದು ಸಾಲ್ದು," ಎಂದಳು ಗ್ಲೆನಿಸ್. "ಇನ್ನೊಂದು."

ಆಲಸ್ಟರ್ ಗಡಿಯಾರ ನೋಡಿದ. ಫೋನೆತ್ತಿ ವಿದ್ಯುತ್ತಿನವರಿಗೆ ಹೇಳಿದ: "ಈಗ್ಲೇ ಕಡೀಬೇಡಿ. ಗ್ಲೆನಿಸ್ ಕೆಲಸ ಇನ್ನೂ ಮುಗಿದಿಲ್ಲ."